ನೆರಳು ತಪ್ಪಿದ ಎಸಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅರಬ್ ಎಮಿರೇಟ್ಸಿನ ನಮ್ಮ ಫರ್ನಿಚರ್ ವರ್ಕ್‌ಶಾಪಿನಲ್ಲಿ ಅದು ಎಲ್ಲರಿಗೂ ಗೊತ್ತು. ೧೯೯೧ರಲ್ಲಿ ನಮ್ಮ ಅರಬಿ ಧಣಿ, ಕಫೀಲ್, ಫ್ರಾನ್ಸಿನ ಬರೆಯುವ ಮೇಜೊಂದನ್ನು ತಂದಿಳಿಸಿ, "ಪೂವಪ್ಪ, ಇದು ನಿನ್ನ ಕೈಗೇ" ಎಂದಾಗ ಮಾತ್ರ ಸಿಟ್ಟು ಮರೆತು ಅದರ ಮುಚ್ಚಳ ಸವರಿದೆ.

ಇನ್ನೂರು ವರ್ಷದ ಮೇಜಂತೆ. ಮುಚ್ಚಳದ ತುಂಬ ಹೂಗಳು. ಬಣ್ಣ ಬಳಿದದ್ದಲ್ಲ, ತೆಳ್ಳನೆಯ ಮರದ ಚೂರುಗಳನ್ನು ಕತ್ತರಿಸಿ ಕೂರಿಸಿದ್ದು. ಕಡಲೆ ಹುರಿದ ಹಾಗೆ ಬಿಸಿ ಮರಳಿನಲ್ಲಿ ಅಂಚು ಕಂದಿಸಿ ಪ್ರತಿ ಎಸಳಿಗೂ ನೆರಳು ಕೊಟ್ಟಿದ್ದರು. ಅಬ್ಬಾ, ಎಂಥ ಆಚಾರಿಗಳೋ! ಎ.ಸಿ.ಯ ಒಣ ಗಾಳಿಗೆ ಒಂದು ಎಸಳು ಪೂರ್ತಿ ಎದ್ದು ಬಂದಿತ್ತು. ಅದನ್ನು ಅಂಟಿಸಬೇಕಿತ್ತು, ಅಷ್ಟೇ.

ಕಫೀಲ್ ಅದಕ್ಕೆಂದೇ ಹಳೇ ಪದ್ಧತಿಯ ಅಂಟು ತರಿಸಿದ್ದ. ನನ್ನ ಜೊತೆಗಾರ, ವಿಟ್ಲದ ಬ್ಯಾರಿ ಉಸ್ಮಾನ್, ಅದನ್ನು ಬಿಸಿನೀರಿನಲ್ಲಿ ಕರಗಿಸಿದ. ವಾಸನೆಗೆ ಮೂಗು ಮುಚ್ಚಿಕೊಂಡೆ.

"ಎಂತದು ಮಾರಾಯಾ ಇದು?"

"ದನದ ಚರ್ಮದ ಅಂಟು ಆಚಾರ್ರೇ. ಮುಂದೆ ರಿಪೇರಿ ಮಾಡುವಾಗ ಬಿಸಿ ಮುಟ್ಟಿಸಿದ್ರೆ ಪುನಃ ಬಿಡ್ತದೆ. ಅದಕ್ಕೇ ಇದೇ ಆಗ್ಬೇಕು."

"ಶ್ಶೀ! ನನ್ನ ಕೈಗೆ ಅದು ತಾಗ್ಬಾರ್ದು!"

ಅವನು ನಮಾಜಿಗೆ ಹೋದಾಗ ನಾವು ದಿನಾ ಬಳಸುವ ಬಿಳಿ ಗಮ್ ಹಚ್ಚಿ, ಗಡಿಬಿಡಿಯಲ್ಲಿ ಎಸಳು ಕೂರಿಸಿ ಭಾರ ಇಟ್ಟೆ. ಕೇಳಿದವರಿಗೆ ಚರ್ಮದ ಅಂಟೇ ಎಂದೆ.

ಮರುದಿನ ಮೇಜನ್ನು ಬೆಳಕಿಗೆ ತಿರುಗಿಸಿದಾಗ ಕಂಡಿತು. ಎರಡೂ ತುದಿ ಒಂದೇ ಆಕಾರದ ಆ ಎಸಳನ್ನು ತಲೆಕೆಳಗಾಗಿ ಕೂರಿಸಿದ್ದೆ! ಎಲ್ಲ ಎಸಳುಗಳ ನೆರಳು ಎಡಕ್ಕೆ, ಇದೊಂದರದು ಬಲಕ್ಕೆ. ಕಫೀಲ್ ಬಂದು ನೋಡಿ, "ಖಲಾಸ್, ಕೆಲಸ ಮುಗೀತು, ನಾಳೆ ಕಳಿಸೋಣ" ಎಂದ. ಯಾರಿಗೂ ಕಾಣಲಿಲ್ಲ. ನನಗೆ ಅದೊಂದೇ ಕಾಣುತ್ತಿತ್ತು. ಊಟ ಸೇರಲಿಲ್ಲ. ಕೂತರೆ ಏಳುವುದು, ಎದ್ದರೆ ಮತ್ತೆ ಮೇಜಿನ ಹತ್ತಿರ ಹೋಗುವುದು. ಆ ಹಳೇ ಆಚಾರಿ ನೋಡಿದ್ದರೆ ಮುಖಕ್ಕೆ ಉಗಿಯುತ್ತಿದ್ದ ಅನ್ನಿಸಿ ನಾಚಿಕೆಯಾಯಿತು.

ಸಂಜೆ ತಡೆಯಲಾಗದೆ ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಇಟ್ಟು, ತೆಳು ಚಾಕು ತೂರಿಸಿದೆ. ಹಳೇ ಚರ್ಮದ ಅಂಟಿನಲ್ಲಿ ಕೂತಿದ್ದ ಪಕ್ಕದ ಎರಡು ಎಸಳುಗಳು ತಾವಾಗಿಯೇ ಬಿಟ್ಟುಕೊಂಡವು. ನನ್ನದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಸಿಟ್ಟಿನಲ್ಲಿ ಒತ್ತಿದೆ. ಟಕ್ಕೆಂದು ಮೂರು ಚೂರಾಯಿತು.

ಉಸ್ಮಾನ್ ಬಂದು ಬಗ್ಗಿ ನೋಡಿದ. ಚೂರಿನ ಅಡಿಯ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದ.

"ಗಮ್ಮಾ ಆಚಾರ್ರೇ?"

"ಹೌದು ಮಾರಾಯಾ."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವನು ಚೂರುಗಳನ್ನು ನನ್ನ ಅಂಗೈಯಲ್ಲಿಟ್ಟು ಮೆಲ್ಲಗೆ ಹೇಳಿದ:

"ನಿಮ್ಮ ಮಡಿ ಉಳೀತು. ಹೂ ಹೋಯ್ತು."