ಹಗೇವಿಗೆ ಬಿಟ್ಟ ಬೆಳಕು

ನೀರು ಒಳಗೆ ಬರುವುದು ಮಯೂರಿಗೆ ಹೊಸದಲ್ಲ. ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಅವಳ ಮನಸ್ಸು ಕೆಡಿಸಿತ್ತು.

ಮಾಕಣಿ ಹಳ್ಳಿಯ ಅವರ ಮನೆಯ ಹಿತ್ತಲಲ್ಲಿ ಹಸಿರುಮನೆ ಎದ್ದು ಎರಡು ವರ್ಷ. ಒಳಗೆ ಟ್ರೇಗಳಲ್ಲಿ ಟೊಮೆಟೊ, ಮೆಣಸಿನಕಾಯಿ ಸಸಿ. ಉಮರ್ಗಾ ಪೇಟೆಯ ಬಟ್ಟೆ ಅಂಗಡಿಯವರ ಮಗಳು ಮಣ್ಣಿಗೇನು ಕೈ ಹಾಕುತ್ತಾಳೆ ಎಂದು ನಕ್ಕವರೇ ಈಗ ಅವಳ ಸಸಿಗೆ ಪಾಳಿ ಹಚ್ಚುತ್ತಿದ್ದರು. ಆದರೆ ಈ ಮಳೆಗಾಲ ಬುನಾದಿಯ ಮೂಲೆಯಲ್ಲಿ ನೀರು ನುಗ್ಗಿ ಎರಡು ಸಲ ಸಸಿಗಳ ಬುಡ ಕೊಳೆತವು. ಮೂರನೆಯ ಸಲವೂ ಕೊಳೆತರೆ ಎಲ್ಲ ಬಿಚ್ಚಿ ತೊಗರಿ ಹಾಕುವುದೇ ಸೈ ಎಂದು ಗಂಡ ಕೈಲಾಸ ಹೇಳಿಬಿಟ್ಟಿದ್ದ. ತೊಗರಿಯಂತೆ ತೊಗರಿ! ಮಯೂರಿಗೆ ಸಿಟ್ಟಿಗಿಂತ ಅಳುವೇ ಮೊದಲು ಬಂದಿತ್ತು.

ಮಾಡದ ಉಪಾಯವಿಲ್ಲ. ಇಟ್ಟಿಗೆಯ ಸಂದಿಗೆ ಸಿಮೆಂಟು ಮೆತ್ತಿದರು, ಹೊರಗೋಡೆಗೆ ಡಾಂಬರು ಬಳಿದರು, ಸುತ್ತ ಕಾಲುವೆ ತೋಡಿದರು. ನೀರು ಮತ್ತೆ ಆ ಮೂಲೆಗೇ ಬಂತು. ಬಂದು, ಗುಳುಗುಳು ಎನ್ನುತ್ತ ಒಂದೆರಡು ತಾಸಿನಲ್ಲಿ ಇಂಗಿಹೋಯಿತು. ಎರೆಮಣ್ಣು ಹಾಗೆ ನೀರು ಕುಡಿಯುವ ಜಾತಿಯಲ್ಲ. ಮೇಲಾಗಿ ಅಲ್ಲಿಂದ ಹಳಸಿದ ಅಂಬಲಿಯ ಹುಳಿ ವಾಸನೆ ಏಳುತ್ತಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂದ ಹಿರಿಯರು ಮನುಷ್ಯರನ್ನಷ್ಟೇ ನೋಡಿ ಹೇಳಿದ್ದರೋ ಏನೋ, ನೆಲಕ್ಕೂ ಆ ಮಾತು ಸಲ್ಲುತ್ತದೆ.

ಅಂದು ಮಧ್ಯಾಹ್ನ ಮಳೆ ತುಸು ಹೊಳವಾದಾಗ ಕೈಲಾಸ ಹಾರೆ ಹಿಡಿದು ಮೂಲೆ ಅಗೆದ. ಮೊಳದಾಳಕ್ಕೆ ಹಾರೆ ಠಣ್ ಎಂದಿತು. ಹಾಸುಗಲ್ಲು. ಎಬ್ಬಿಸಿದರೆ ಕೆಳಗೆ ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಅದರೊಳಗೆ ಬರೀ ಕತ್ತಲೆ.

"ಹಗೇವು!" ಎಂದು ಕೈಲಾಸ ನಕ್ಕ. "ಜ್ವಾಳ ತುಂಬಿಡೋ ಹಗೇವು ಇದು. ನಿಜಾಮನ ಲೆವಿ ವಸೂಲಿಗೆ ಹೆದರಿ ಮುತ್ಯಾ ಜ್ವಾಳ ಮುಚ್ಚಿಟ್ಟಿದ್ದ ಅಂತ ಕೇಳಿದ್ದೆ. ಎಲ್ಲಿ ಅಂತ ಹೇಳದೇ ಸತ್ತ ನೋಡು. ಸುತ್ತಿನ ನೀರೆಲ್ಲಾ ಇದೇ ಎಳಕೊಳ್ಳಾಕತ್ತದ."

"ಮುರುಮ ಹಾಕಿ ಮುಚ್ಚಿಬಿಡ್ರಿ," ಎಂದಳು ಮಯೂರಿ.

"ಈ ಕೆಸರನಾಗ ಟ್ರ್ಯಾಕ್ಟರ್ ಎಲ್ಲಿ ಬರ್ತದ? ಒಳಗಿಳಿದು ಗ್ವಾಡಿ ಬಿರುಕಿಗೆ ಸಿಮೆಂಟ ಮೆತ್ತತೀನಿ. ನೀ ನಿಚ್ಚಣಿಕಿ ತಾ. ಇವತ್ತಿಗೆ ನಿನ್ನ ಕಾಟ ಮುಗೀತು."

ಮನೆಯಲ್ಲಿ ಅತ್ತೆ ಗಿರಿಜಾಬಾಯಿ ಕಾಲು ಚಾಚಿಕೊಂಡು ಬತ್ತಿ ಹೊಸೆಯುತ್ತಿದ್ದಳು. ಸುದ್ದಿ ಕೇಳಿ ಕೈ ನಿಲ್ಲಿಸಿದಳು. "ಹಗೇವಂತ? ಮದಲ ದೀಪಾ ಇಳಿಬಿಟ್ಟು ನೋಡ್ರಿ, ಆಮ್ಯಾಗ ಇಳೀರಿ. ನಮ್ಮಪ್ಪ ಹಂಗೇ ಮಾಡ್ತಿದ್ದ."

"ಹೂಂ ರೀ ಅತ್ತಿ."

ಯಾಕೆ ಎಂದು ಮಯೂರಿ ಕೇಳಲಿಲ್ಲ. ಆ ಮನೆಯಲ್ಲಿ ಯಾವುದಕ್ಕೂ ಯಾಕೆ ಎಂದು ಹೇಳುವ ರೂಢಿಯೂ ಇರಲಿಲ್ಲ. ಹೊಸ್ತಿಲ ಮೇಲೆ ಕೂಡಬೇಡ, ಸಂಜೆ ಕಸ ಗುಡಿಸಬೇಡ ಎಂಬ ನೂರು ಮಾತಿಗೆ ಹೂಂ ಎಂದವಳಿಗೆ ಇದು ನೂರಾ ಒಂದನೆಯದು. ಒಳಗೆ ಹಾವು ಚೇಳು ಇದ್ದಾವು, ನೋಡಿ ಇಳಿಯಬೇಕು ಎಂದು ತಾನೇ ಅರ್ಥ ಮಾಡಿಕೊಂಡಳು. ಮಳೆಗಾಳಿಗೆ ಎಣ್ಣೆದೀಪ ನಿಂತೀತೇ? ಗೂಟದಲ್ಲಿದ್ದ ಚಾರ್ಜಿಂಗ್ ಬ್ಯಾಟರಿ ಟಾರ್ಚು ತೆಗೆದುಕೊಂಡಳು. ಶಾಣ್ಯಾ ಸೊಸಿ.

ಹಗ್ಗ ಕಟ್ಟಿ ಬ್ಯಾಟರಿ ಇಳಿಬಿಟ್ಟವಳು ಅವಳೇ. ಬೆಳಕು ತಳದವರೆಗೆ ಹೋಯಿತು. ಎರಡಾಳು ಆಳ, ಕಪ್ಪು ರೊಚ್ಚು. ಹಾವಿಲ್ಲ, ಹುಳವಿಲ್ಲ.

"ಅತ್ತಿ ಹೇಳಿದಂಗ ದೀಪಾ ಬಿಟ್ಟು ನೋಡೀನಿ. ಏನೂ ಇಲ್ಲ, ಇಳೀರಿ."

ಕೈಲಾಸ ಇಳಿದ. "ಭಾಳ ನಾತ ಅದ," ಎಂದ ಅರ್ಧಕ್ಕೆ. ತಳ ಮುಟ್ಟಿ, "ಪುಟ್ಟಿ ಬಿಡು," ಎಂದು ಕೈ ಎತ್ತಿದ. ಮಯೂರಿ ಸಿಮೆಂಟಿನ ಪುಟ್ಟಿ ಹಿಡಿಯುವಷ್ಟರಲ್ಲಿ ಆ ಕೈ ಕೆಳಗೆ ಬಿತ್ತು. ಊಟಕ್ಕೆ ಕೂಡುವವನ ಹಾಗೆ ಮೆಲ್ಲಗೆ ಕುಸಿದು, ಗೋಡೆಗೆ ತಲೆ ಆನಿಸಿದ.

"ರೀ? ಯಾಕ ಕುಂತ್ರಿ?"

ಕೈಲಾಸ ಅಲುಗಲಿಲ್ಲ. ಅವಳು ಪುಟ್ಟಿ ಅಲ್ಲೇ ಬಿಟ್ಟಳು. ನಿಚ್ಚಣಿಕೆಯ ಮೇಲೆ ಒಂದು ಕಾಲಿಟ್ಟಿದ್ದಳು, ಹಿಂದಿನಿಂದ ಯಾರೋ ಸೀರೆ ಹಿಡಿದು ಜಗ್ಗಿದರು. ಕೋಲಿಲ್ಲದೆ ಅಂಗಳ ದಾಟದ ಗಿರಿಜಾಬಾಯಿ, ಕೆಸರಲ್ಲಿ ಬರಿಗಾಲಲ್ಲಿ, ಕೈಯಲ್ಲಿ ಉರಿಯುವ ಕಂದೀಲು.

"ದೀಪಾ ಬಿಟ್ಟು ನೋಡಿದ್ರೇನ?"

"ನೋಡೀನ್ರಿ ಅತ್ತಿ! ನಾನೇ ಬಿಟ್ಟೀನಿ! ನೋಡ್ರಿ, ಇನ್ನಾ ಉರೀಲಾಕತ್ತದ!"

ಮುದುಕಿ ಬಗ್ಗಿ ಬ್ಯಾಟರಿ ನೋಡಿದಳು. ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿದಳು. ಆಳುದ್ದ ಇಳಿಯುವುದರೊಳಗೆ ಜ್ವಾಲೆ ಕುಗ್ಗಿತು, ನೀಲಿಯಾಯಿತು, ಆರಿಹೋಯಿತು.

"ಕೊಳತ ಜ್ವಾಳದ ವಿಷಗಾಳಿ ಅದವ್ವಾ ಅದು. ದೀಪಾ ಆರಿದರ ಮನಷ್ಯಾನೂ ಆರ್ತಾನ," ಎಂದಳು. ಸೊಸೆ ಹರಿದುಕೊಂಡು ಹೋಗಲು ನೋಡಿದಳು. ಕೆಳಗಿದ್ದವನು ತನ್ನ ಹೊಟ್ಟೆಯ ಮಗ, ಆದರೂ ಗಿರಿಜಾಬಾಯಿ ಹಿಡಿದ ಸೀರೆ ಬಿಡಲಿಲ್ಲ. ಹಿಡಿದುಕೊಂಡೇ ಊರಿಗೆ ಕೇಳುವಂತೆ ಕೂಗತೊಡಗಿದಳು.

ಬೆಳಿಗ್ಗೆಯಷ್ಟೇ ಮಯೂರಿ ಆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟಿದ್ದಳು. ಜನ ಓಡಿ ಬರುವವರೆಗೂ ಅದು ಕೈಲಾಸನ ಮುಖ ತೋರಿಸುತ್ತಲೇ ಇತ್ತು.