ಸೋರದ ನಲ್ಲಿ

ಈ ಸಲ ಸೋರಲಿಲ್ಲ.

ಸುಶಾಂತ್ ಮೊಣಕಾಲೂರಿ ನಲ್ಲಿಯ ಬುಡಕ್ಕೆ ಬೆರಳು ತಾಗಿಸಿದ. ಒಣಗಿತ್ತು. ಸ್ಟೀಲಿನ ದೊಡ್ಡ ಹಂಡೆಯ ತುಂಬ ನೀರು. ಅದರ ಹೊಟ್ಟೆಯ ನಡುವೆ ಥರ್ಮಾಮೀಟರಿನ ದುಂಡು ಮುಖ, ಕೆಳಗೆ ನಲ್ಲಿ. ತಾನೇ ಕೊರೆದ ಎರಡು ತೂತುಗಳು. ಎಲ್ಲಿಯೂ ಒಂದು ಹನಿಯಿಲ್ಲ. ಎಷ್ಟು ಚಂದ ಕೂತಿದೆ ಎಂದುಕೊಂಡ. ಮರುಕ್ಷಣವೇ, ಎಲ್ಲಾದರೂ ಒಂದು ಹನಿ ಸಿಕ್ಕೀತೇ ಎಂದು ಇನ್ನೊಮ್ಮೆ ಬೆರಳಾಡಿಸಿದ.

"ಎಂತ ಮಾರಾಯ್ರೇ, ನಿಂತಿತಾ?" ಬಾಲ್ಕನಿಯ ಬಾಗಿಲಲ್ಲಿ ಪಾಯ್ಸ್.

"ಹಾಗೆ ಕಾಣ್ತದೆ."

"ಕಾಣೂದೆಂತ, ನಿಂತೇ ಬಿಟ್ಟಿದೆ!"

ಪಾಯ್ಸ್ ದುಬೈಯ ಅಲ್ ಕೂಜ್‌ನಲ್ಲಿ ಒಂದು ಗೋದಾಮಿನ ಮ್ಯಾನೇಜರ್. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಹಂಡೆಗೆ ನಲ್ಲಿ, ಥರ್ಮಾಮೀಟರ್ ಕೂರಿಸಿಕೊಡಿ ಎಂದು ಅದನ್ನು ಕಾರಿನಲ್ಲಿ ಹೇರಿಕೊಂಡು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಈ ಫ್ಲ್ಯಾಟಿಗೆ ಬಂದಿದ್ದ. ಸುಶಾಂತ್ ಇಂಜಿನಿಯರ್, ತೈಲದ ಕೊಳವೆಗಳಿಗೆ ಇಂಥವನ್ನೇ ಕೂರಿಸಿ ಕೂರಿಸಿ, ಈಗ ಬರೀ ಮೀಟಿಂಗುಗಳಲ್ಲಿ ಕೂರುವವನು. ಬಿಯರನ್ನು ನಾಲಿಗೆಗೂ ತಾಗಿಸಿದವನಲ್ಲ. ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯುವವನೂ ಅಲ್ಲ.

ಆದರೆ ಪಾಯ್ಸ್ ಮಾತಾಡುವುದನ್ನು ಕೇಳಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಬಿಸಿನೀರಿಗೆ ಹೇಗೆ ತನ್ನ ಸಿಹಿಯನ್ನು ಬಿಟ್ಟುಕೊಡುತ್ತದೆ, ಬಿಸಿ ತುಸು ಏರಿದರೆ ಹೇಗೆ ಮುನಿಸಿಕೊಳ್ಳುತ್ತದೆ, ಕಲಕದೆ ತಿಳಿಯನ್ನಷ್ಟೇ ಬುಡದ ನಲ್ಲಿಯಿಂದ ಹೇಗೆ ಇಳಿಸಿಕೊಳ್ಳಬೇಕು. ಚಿಕ್ಕಂದಿನಲ್ಲಿ ಅಜ್ಜ ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕಂಬಕ್ಕೊರಗಿ ಕೇಳಿದ ಕಿವಿಗಳಿಂದಲೇ ಸುಶಾಂತ್ ಇದನ್ನೂ ಕೇಳುತ್ತಿದ್ದ. ಈ ಊರಿನಲ್ಲಿ ಅವನಿಗೆ ಬೇರೆ ಯಾರೂ ಹೀಗೆ ಕೂತು ಏನನ್ನೂ ಹೇಳುತ್ತಿರಲಿಲ್ಲ.

ಮೊದಲ ಶನಿವಾರ ನಲ್ಲಿ ಸೋರಿತು. ಎರಡನೆಯ ಶನಿವಾರವೂ. ಮೂರನೆಯದೂ.

ನಲ್ಲಿಯ ತಿರುಪಿನ ಎಳೆಗಳ ಮೇಲೆ, ಸೋರದಂತೆ ತಡೆಯುವ ಬಿಳಿ ಟೇಪನ್ನು ಬಿಗಿಯುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿಯುತ್ತ ಹೋದಂತೆ ಅದು ಬಿಚ್ಚಿಕೊಳ್ಳುತ್ತದೆ. ನಿನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ಸಂಗತಿ. ಸುಶಾಂತ್ ಪ್ರತಿ ವಾರ ಬೇಕೆಂದೇ ಉಲ್ಟಾ ಸುತ್ತಿದ್ದ. ಸೋರಿದರೆ ತಾನೇ ಬರುವ ಶನಿವಾರ ಮತ್ತೆ ಪಾಯ್ಸ್!

ಇವತ್ತೂ ಹಾಗೆಯೇ ಸುತ್ತಲು ಹೊರಟಿದ್ದ. ಪಾಯ್ಸ್ ಯೀಸ್ಟಿನ ಕತೆ ತೆಗೆದ. ಕೇಳುತ್ತ ಕೇಳುತ್ತ ಇವನು ಮೈಮರೆತ. ಕೈಗಳು ತಮ್ಮ ಪಾಡಿಗೆ ಸರಿಯಾಗಿ ಸುತ್ತಿಬಿಟ್ಟವು.

"ಅಂತೂ ಮುಗೀತಲ್ಲ?" ಹೆಂಡತಿ ದೀಕ್ಷಿತಾ ಚಹಾ ತಂದಿಟ್ಟಳು. "ಇನ್ನು ಬಾಲ್ಕನಿ ತೊಳೀಬಹುದು."

"ನಿಮ್ಮವರ ಕೈ ಅಂದ್ರೆ ಕೈ, ದೀಕ್ಷಿತಕ್ಕ. ಕುಡಿಯದವರು ಮಾಡಿಕೊಟ್ಟದ್ದು. ಪಾಪ ಯಾರಿಗೆ, ಪುಣ್ಯ ಯಾರಿಗೆ?"

"ನಲ್ಲಿ ಮಾತ್ರ ನನ್ನದು," ಎಂದ ಸುಶಾಂತ್. "ಒಳಗಿನದ್ದು ನಿಮ್ಮದು."

ಪಾಯ್ಸ್ ನಕ್ಕು, ನಲ್ಲಿಯ ಬುಡವನ್ನು ಹೆಬ್ಬೆರಳಿಂದ ಸವರಿದ. "ಅಲ್ಲ, ಇಷ್ಟು ವಾರ ಸೋರಿದ್ದು ಎಂತಕ್ಕೆ?"

"ವಾಷರ್ ಸರಿ ಇರ್ಲಿಲ್ಲ."

"ವಾಷರ್ ಅದೇ ಅಲ್ವಾ?"

"ಈಗ ಕೂತಿತು."

ಪಾಯ್ಸ್ ನಲ್ಲಿಯನ್ನೊಮ್ಮೆ, ಸುಶಾಂತನನ್ನೊಮ್ಮೆ ನೋಡಿದ. ಚಹಾ ಕುಡಿದು ಲೋಟ ಇಟ್ಟ. "ಖಲಾಸ್. ಇನ್ನು ನನ್ನ ಉಪದ್ರ ಇಲ್ಲ ನಿಮಗೆ."

ಉಪದ್ರ ಕೊಡಿ ಎಂದು ಒಬ್ಬರನ್ನು ಕೇಳುವುದು ಹೇಗೆ? "ಪರವಾಗಿಲ್ಲ," ಎಂದ ಸುಶಾಂತ್.

ನೀರು ಚೆಲ್ಲಿ, ಹಂಡೆಯನ್ನು ಲಿಫ್ಟಿನಲ್ಲಿ ಇಳಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮಗುವಿಗೆ ಕಟ್ಟುವ ಹಾಗೆ ಬೆಲ್ಟು ಕಟ್ಟಿದರು. ಕಾರು ತಿರುವು ದಾಟುವವರೆಗೂ ಗಾಜಿನೊಳಗೆ ಅದು ಹೊಳೆಯುತ್ತಲೇ ಇತ್ತು.

ಮೇಲೆ ಬಂದರೆ ಮೇಜಿನ ಮೇಲೆ ಇನ್ನೊಂದು ಥರ್ಮಾಮೀಟರ್. ಜೋಡಿಯಾಗಿ ಕೊಂಡದ್ದರಲ್ಲಿ ಉಳಿದದ್ದು. ಪಾಯ್ಸ್ ಮರೆತನೋ, ಬಿಟ್ಟುಹೋದನೋ. ಕರೆದು ಹೇಳಲು ಫೋನು ಪಕ್ಕದಲ್ಲೇ ಇತ್ತು. ಸುಶಾಂತ್ ಅದನ್ನು ಮುಟ್ಟಲಿಲ್ಲ.

ಬಾಲ್ಕನಿಯಲ್ಲಿ ದೀಕ್ಷಿತಾ ನೀರು ಸುರಿದು ಉಜ್ಜುವ ಸದ್ದು. ಥರ್ಮಾಮೀಟರಿನ ಮುಳ್ಳು ಏಸಿಯ ತಂಪನ್ನು ತೋರಿಸುತ್ತ ನಿಂತಿತ್ತು. ಸುಶಾಂತ್ ಅದರ ಕಡ್ಡಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದು ಕೂತ.

ಏರುತ್ತದೆ, ಸ್ವಲ್ಪ ಹೊತ್ತು ಬೇಕು ಎಂದುಕೊಂಡು, ಮುಳ್ಳನ್ನೇ ನೋಡತೊಡಗಿದ.