ಬೀಗರ ಪೋರ್ಟಿಕೋದಲ್ಲಿ ನಮ್ಮ ಕಾರು

ಕಾರು ನನ್ನ ಮಗನದು. ಅದು ಮಲಗುವುದು ಮಾತ್ರ ಅವನ ಮಾವನ ಮನೆಯಲ್ಲಿ. ಈ ಒಂದು ವಿಷಯ ನೆನೆದರೆ ಸಾಕು, ಉಂಡ ಅನ್ನ ಮೈಗೆ ಹತ್ತುವುದಿಲ್ಲ ನನಗೆ.

ಮಗ ಜ್ಞಾನೇಶ ಶಿವಮೊಗ್ಗದ ಸಹಕಾರ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾನೆ. ಅವನೂ ಅವನ ಹೆಂಡತಿ ಸ್ಪಂದನಾಳೂ ನವುಲೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಆ ಓಣಿಯಲ್ಲಿ ಸ್ಕೂಟರ್ ನಿಲ್ಲಿಸಿದರೇ ಹಾಲಿನವನು ಬೈಯುತ್ತಾನೆ, ಇನ್ನು ಕಾರೆಲ್ಲಿ ನಿಲ್ಲಿಸುವುದು? ಎರಡು ಬೀದಿ ಆಚೆ ಸ್ಪಂದನಾಳ ಅಪ್ಪ ಮಲ್ಲೇಶಪ್ಪನವರ ಸ್ವಂತ ಮನೆಯಿದೆ, ಮುಂದೆ ಗ್ರಾನೈಟ್ ಹಾಕಿದ ಪೋರ್ಟಿಕೋ ಇದೆ. ಅವರದು ಕಬ್ಬಿಣ, ಸಿಮೆಂಟಿನ ಅಂಗಡಿ. ನಾನು ಭದ್ರಾವತಿಯ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಂಡಿದ್ದು ನಿವೃತ್ತನಾದವನು. ಕಬ್ಬಿಣದ ಜೊತೆ ಹೆಣಗಿದವನು ನಾನು; ಕಬ್ಬಿಣದಿಂದ ಪೋರ್ಟಿಕೋ ಕಟ್ಟಿಸಿದವರು ಅವರು.

ಶೋರೂಮಿನಿಂದ ಕಾರು ತಂದ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟವನು ನಾನು, ಕಾಯಿ ಒಡೆದವನು ನಾನು. ಆಮೇಲೆ ಕಾರು ಹತ್ತುವ ಹೊತ್ತಿಗೆ ಬೀಗರಿಗೆ ಮರ್ಯಾದೆಗಾಗಿ "ತಾವು ಮುಂದೆ ಕೂತ್ಕೊಳ್ಳಿ" ಅಂದೆ. ಹಾಗಂದರೆ ಎದುರಿನವರು "ಛೆ ಛೆ, ತಾವಿರುವಾಗ ನಾನಾ?" ಅನ್ನಬೇಕು. ಅದು ನಮ್ಮಲ್ಲಿ ನಡೆದುಬಂದ ರೀತಿ. ಈ ಮನುಷ್ಯ "ಆಯ್ತು ಬಿಡಿ" ಎಂದು ಕೂತೇಬಿಟ್ಟರು. ನಾನು ಹಿಂದೆ ಹೆಂಗಸರ ಪಕ್ಕದಲ್ಲಿ, ತೊಡೆಯ ಮೇಲೆ ಪ್ರಸಾದದ ಬುಟ್ಟಿ ಇಟ್ಟುಕೊಂಡು, ಮಗನ ಹೊಸ ಕಾರಿನಲ್ಲಿ ಬೀಗರ ಬೋಳು ತಲೆ ನೋಡುತ್ತಾ ಬಂದೆ.

ಹೊಟ್ಟೆಕಿಚ್ಚು ಅನ್ನುವಿರೇನೋ. ಹೌದು, ಹೊಟ್ಟೆಕಿಚ್ಚೇ. ಇರುವ ಒಬ್ಬ ಮಗನನ್ನು ಬೇರೆಯವರು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರೆ ಹೊಟ್ಟೆ ತಣ್ಣಗಿರುತ್ತದೆಯೇ? ಅವರಿಗೆ ಗಂಡು ಮಕ್ಕಳಿಲ್ಲ, ನಿಜ. ಅದಕ್ಕೆ ನನ್ನವನೇ ಬೇಕೇ?

ಕಾರು ಬಂದು ತಿಂಗಳು ತುಂಬುತ್ತಾ ಬಂದಿತ್ತು. ಒಂದು ಭಾನುವಾರ ಬೀಗರನ್ನೂ ಬೀಗಿತ್ತಿಯನ್ನೂ ಭದ್ರಾವತಿಗೆ ಊಟಕ್ಕೆ ಕರೆದಿದ್ದೆವು. ನನ್ನ ಹೆಂಡತಿ ವೀರಮ್ಮ ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದಳು. ಆಗ ಜ್ಞಾನೇಶ ತಟ್ಟೆಯಿಂದ ತಲೆಯೆತ್ತಿ ಕೇಳಿದ: "ಅಪ್ಪಾಜಿ, ಶೋರೂಮಿಂದ ಫೋನ್ ಬಂದಿತ್ತು. ಸಾವಿರ ಕಿಲೋಮೀಟ್ರು ಇಲ್ಲಾ ಒಂದು ತಿಂಗಳು, ಯಾವ್ದು ಮೊದ್ಲು ಆಗುತ್ತೋ ಆಗ ಫಸ್ಟ್ ಸರ್ವೀಸ್‌ಗೆ ತರಬೇಕಂತೆ. ಫ್ರೀನೇ. ಆದ್ರೆ ನಮ್ಮ ಬ್ಯಾಂಕಲ್ಲಿ ಕೆಲವ್ರು, ಈಗಿನ ಗಾಡಿಗೆ ಅದೆಲ್ಲ ಬೇಡ, ಸುಮ್ನೆ ಒಂದು ದಿನ ದಂಡ ಅಂತಾರೆ. ಏನ್ಮಾಡ್ಲಿ?"

ನನ್ನನ್ನು ಕೇಳಿದ! ಇಂಥ ಪ್ರಶ್ನೆಗೆ ಉತ್ತರ ಹೇಳುವುದಕ್ಕೆಂದೇ ನಾನು ಹುಟ್ಟಿದ್ದು. ಹೊಸ ಯಂತ್ರವನ್ನು ಓಡಿಸಿದ ಮೊದಲ ದಿನಗಳಲ್ಲೇ ನಟ್ಟು ಸಡಿಲವಾಗುವುದು, ಬೆಲ್ಟು ಹಿಗ್ಗುವುದು. ಆಗ ಒಮ್ಮೆ ಬಿಚ್ಚಿ ನೋಡಿ ಬಿಗಿ ಮಾಡಿದರೆ ಅದು ಮುಂದೆ ಬಾಳುತ್ತದೆ. ಇದನ್ನು ಹೇಳಲು ಬಾಯಲ್ಲಿದ್ದ ಒಬ್ಬಟ್ಟು ನುಂಗುತ್ತಿದ್ದೆ, ಅಷ್ಟೇ. ಅಷ್ಟರಲ್ಲಿ ಬೀಗರು ಬಾಯಿ ಹಾಕಿದರು.

"ಸರ್ವೀಸ್‌ಗೆ ಬಿಡ್ಲೇಬೇಕು ಕಣಪ್ಪ. ಹೊಸ ಗಾಡಿ, ಒಂದ್ಸಲ ಎಲ್ಲಾ ಟೈಟ್ ಮಾಡಿಸ್ಬೇಕು. ಮುಂದೆ ಏನಾದ್ರೂ ಆದ್ರೆ ವಾರಂಟಿಗೂ ತಕರಾರು ತೆಗೀತಾರೆ. ಅಲ್ಲಿನ ಮ್ಯಾನೇಜರು ನಮ್ಮ ಅಂಗಡೀಲೇ ಕಬ್ಬಿಣ ತಗೊಂಡು ಮನೆ ಕಟ್ಟಿಸ್ದೋರು. ಬುಧವಾರಕ್ಕೆ ನಾನಾಗ್ಲೇ ಹೇಳಿಟ್ಟಿದ್ದೀನಿ."

ನನ್ನ ಮಾತನ್ನು ನನ್ನ ಬಾಯಿಂದಲೇ ಕಿತ್ತುಕೊಂಡರು. ಅದೂ ನನ್ನ ಮನೆಯಲ್ಲಿ, ನನ್ನ ಒಬ್ಬಟ್ಟು ತಿನ್ನುತ್ತಾ.

"ಬೇಡ," ಅಂದೆ.

ವೀರಮ್ಮನ ಕೈಯಲ್ಲಿದ್ದ ತುಪ್ಪದ ಚಮಚ ಹಾಗೇ ನಿಂತಿತು. ನಾನು ಗಂಟಲು ಸರಿಮಾಡಿಕೊಂಡೆ. "ಈಗಿನ ಎಂಜಿನ್ನೆಲ್ಲಾ ಕಂಪ್ಯೂಟರಲ್ಲಿ ಜೋಡಿಸಿರ್ತಾರೆ. ಏನೂ ಸಡಿಲ ಆಗಲ್ಲ. ಅಲ್ಲಿಗೆ ಹೋದ್ರೆ ನೀರು ಹೊಡೆದು ತೊಳೆದು, ಒಂದು ಸಹಿ ಹಾಕಿಸ್ಕೊಂಡು ಕಳಿಸ್ತಾರೆ ಅಷ್ಟೇ. ಸುಮ್ನೆ ಯಾಕೆ ರಜ ಹಾಕ್ತೀಯ?"

"ತಾವು ಯಂತ್ರಗಳ ಮಧ್ಯೆ ಬದುಕಿದೋರು, ತಮಗೆ ಗೊತ್ತಿರೋದು ನಮಗೆಲ್ಲಿ ಗೊತ್ತಿರುತ್ತೆ ಬೀಗರೇ," ಎಂದರು ಮಲ್ಲೇಶಪ್ಪ, ನಗುತ್ತಾ. "ಆದ್ರೂ ಕಂಪನಿಯೋರೇ ಮಾಡ್ಸಿ ಅಂದಿರೋವಾಗ..."

"ಕಂಪನಿಯೋರು ಸಾವಿರ ಹೇಳ್ತಾರೆ."

ಜ್ಞಾನೇಶ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಮಾವನ ಮುಖ ನೋಡಿದ. "ಸರಿ, ನೋಡ್ತೀನಿ," ಎಂದು ಒಬ್ಬಟ್ಟು ಮುರಿದ.

ಅವರೆಲ್ಲ ಹೊರಟ ಮೇಲೆ ವೀರಮ್ಮ ನನ್ನೆದುರು ಬಂದು ನಿಂತಳು. "ಅಲ್ರೀ, ಮಿಕ್ಸಿ ತಂದ್ರೆ ಮೊದ್ಲು ಬಿಚ್ಚಿ ನೋಡೋರು ನೀವು. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡ್ದೆ ನಾನು ದಾರ ಪೋಣಿಸೋ ಹಾಗಿಲ್ಲ. ಮಗನ ಕಾರಿಗೆ ಮಾತ್ರ ಏನೂ ಬೇಡ್ವಂತಾ?"

"ನಿನಗೆ ಕಾರಿನ ವಿಷ್ಯ ಗೊತ್ತಿಲ್ಲ, ಸುಮ್ನಿರು."

"ಕಾರಿನ ವಿಷ್ಯ ಗೊತ್ತಿಲ್ಲ. ನಿಮ್ಮ ವಿಷ್ಯ ಗೊತ್ತು."

ಬುಧವಾರದವರೆಗೆ ನನಗೆ ಒಂದೇ ಚಿಂತೆ. ಕಾರಿನ ಚಿಂತೆಯಲ್ಲ. ಅವನು ಯಾರ ಮಾತು ಕೇಳುತ್ತಾನೆ ಅನ್ನುವುದು. ಅವತ್ತು ಬೆಳಗ್ಗೆಯಿಂದ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಕೊನೆಗೆ ನಾನೇ ಮಾಡಿ, ಏನೂ ಗೊತ್ತಿಲ್ಲದವನ ಹಾಗೆ, "ಏನಪ್ಪಾ, ಎಲ್ಲಿದ್ದೀಯ?" ಎಂದು ಕೇಳಿದೆ.

"ಬ್ಯಾಂಕಲ್ಲಿ, ಅಪ್ಪಾಜಿ. ಸರ್ವೀಸ್ ಕ್ಯಾನ್ಸಲ್ ಮಾಡ್ದೆ. ನೀವು ಬೇಡ ಅಂದ್ರಲ್ಲ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವತ್ತು ಮಧ್ಯಾಹ್ನ ಮೂರು ಸಲ ಸಾರನ್ನ ಹಾಕಿಸಿಕೊಂಡೆ. ಸಂಜೆ ಮಠದ ಕಟ್ಟೆಯ ಮೇಲೆ ಕೂತ ಗೆಳೆಯರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದೆ. ಏನು ವಿಶೇಷ ಅಂದರು. ಸುಮ್ಮನೆ ಅಂದೆ.

ಮುಂದಿನ ಭಾನುವಾರ ಜ್ಞಾನೇಶ ಒಬ್ಬನೇ ಬಂದ. "ಬನ್ನಿ ಅಪ್ಪಾಜಿ, ನಮ್ಮನೇಲಿ ಒಂದೆರಡು ದಿನ ಇದ್ದು ಬರೋರಂತೆ," ಎಂದು ಕರೆದ. ವೀರಮ್ಮನಿಗೆ ಅಕ್ಕಮಹಾದೇವಿ ಸಂಘದ ಭಜನೆಯಿತ್ತು, ಅವಳು ಬರಲಿಲ್ಲ. ಅಂತೂ ಮುಂದಿನ ಸೀಟು ನನಗೆ ಸಿಕ್ಕಿತು. ಬೀಗರು ಅದನ್ನು ಹಿಂದಕ್ಕೆ ಸರಿಸಿಕೊಂಡು ಕಾಲು ಚಾಚಿ ಕೂರುತ್ತಿದ್ದರೆಂದು ಕಾಣುತ್ತದೆ. ನಾನು ಅದನ್ನು ಸರಕ್ಕನೆ ಮುಂದಕ್ಕೆ ಎಳೆದುಕೊಂಡೆ.

ಮಾಚೇನಹಳ್ಳಿ ಹತ್ತಿರ ಹಂಪ್ ಬಂತು. ಕಾರು ಹತ್ತಿ ಇಳಿಯಿತು. ನನ್ನ ಕಾಲಿನ ಕೆಳಗೆ, ಎಡಗಡೆ ಮುಂದಿನ ಚಕ್ರದ ಹತ್ತಿರ, "ಟಕ್" ಅಂತು.

ಜೀವಮಾನವಿಡೀ ಯಂತ್ರದ ಸದ್ದು ಕೇಳಿದ ಕಿವಿ ಇದು. ಅಡುಗೆಯವನಿಗೆ ಸೀದ ವಾಸನೆ ಗೊತ್ತಾದ ಹಾಗೆ ನನಗೆ ಗೊತ್ತಾಯಿತು: ಎಲ್ಲೋ ಏನೋ ಸಡಿಲವಾಗಿದೆ. ಮುಂದಿನ ಹಂಪಿನಲ್ಲಿ ಮತ್ತೆ "ಟಕ್". ಜ್ಞಾನೇಶ ವೇಗ ಕಡಿಮೆ ಮಾಡಿ ನನ್ನ ಕಡೆ ತಿರುಗಿದ.

"ಏನಾದ್ರೂ ಕೇಳಿಸ್ತಾ ಅಪ್ಪಾಜಿ?"

ಹೌದು ಅಂದರೆ ಬೀಗರು ಗೆದ್ದ ಹಾಗೆ. "ಇಲ್ವಲ್ಲ," ಅಂದೆ. "ಹೊಸ ಗಾಡಿ, ಮೈ ಬಿಡೋವರೆಗೂ ಒಂದೊಂದು ಸದ್ದು ಇರುತ್ತೆ."

"ಹೌದಾ?" ಎಂದು ಅವನು ರಸ್ತೆ ನೋಡಿದ. ಆಮೇಲೆ ಹೇಳಿದ: "ಬರೋ ಶನಿವಾರ ಸ್ಪಂದನಾ, ಅವ್ರಮ್ಮ ಎಲ್ಲಾ ಸಾಗರಕ್ಕೆ ಹೋಗಿ ಬರೋಣ ಅಂತಿದ್ದಾರೆ. ಗೃಹಪ್ರವೇಶ ಇದೆ."

ಸಾಗರಕ್ಕೆ ಅಂದರೆ ಆಯನೂರು ದಾಟಿ, ಲಾರಿಗಳ ಮಧ್ಯೆ. ಸೀಟು ಮೆತ್ತಗಿತ್ತು, ಎ.ಸಿ. ತಣ್ಣಗಿತ್ತು, ನಾನು ಮಾತ್ರ ಮುಳ್ಳಿನ ಮೇಲೆ ಕೂತಿದ್ದೆ. ನನ್ನ ಬಾಯಲ್ಲಿ ಬಿಸಿ ತುಪ್ಪ. ಉಗುಳಲೂ ಆಗದು, ನುಂಗಲೂ ಆಗದು.

ನವುಲೆ ಮುಟ್ಟುವ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಉಪಾಯವೇನು, ಅವಮಾನ. ಆದರೆ ಮಗನೆದುರು ಆಗುವ ಅವಮಾನಕ್ಕಿಂತ ಬೀಗರೆದುರು ಆಗುವುದು ಸಣ್ಣದು ಅನ್ನಿಸಿತು. ಜ್ಞಾನೇಶ ಕಾರನ್ನು ಪೋರ್ಟಿಕೋದಲ್ಲಿ ನಿಲ್ಲಿಸಿ, ಸ್ಪಂದನಾಳನ್ನು ಕರೆತರುತ್ತೇನೆಂದು ಮನೆಗೆ ನಡೆದ. ಬೀಗಿತ್ತಿ ಒಳಗಿದ್ದರು. ನಾನು ಮಲ್ಲೇಶಪ್ಪನವರನ್ನು ಕಾರಿನ ಮರೆಗೆ ಕರೆದೆ.

"ಬೀಗರೇ, ಒಂದು ಮಾತು. ಜ್ಞಾನೇಶನಿಗೆ ನೀವೇ ಹೇಳ್ಬೇಕು, ಗಾಡಿ ಸರ್ವೀಸ್‌ಗೆ ಬಿಡು ಅಂತ. ಎಡಗಡೆ ಚಕ್ರದ ಹತ್ರ ಸದ್ದು ಬರ್ತಿದೆ. ನಾನು ಹೇಳಿದೆ ಅಂತ ಹೇಳ್ಬೇಡಿ. ಹೇಗಿದ್ರೂ ನಿಮ್ಮ ಮಾತು ಕೇಳ್ತಾನಲ್ಲ."

ಅವರು ಬಾಯಿ ತೆರೆದು ನನ್ನನ್ನೇ ನೋಡಿದರು. "ನನ್ನ ಮಾತಾ? ತಮಾಷೆ ಮಾಡ್ತಿದ್ದೀರಾ?"

"ಯಾಕೆ?"

"ಅಯ್ಯೋ ಮಾರಾಯ್ರೆ! ಕಾರು ಇಲ್ಲಿ ನಿಲ್ಸಿ, ಕೀ ಜೇಬಿಗೆ ಹಾಕ್ಕೊಂಡು, ಒಳಗೆ ಒಂದು ಲೋಟ ಕಾಫಿಗೂ ನಿಲ್ದೆ ಹೋಗ್ತಾನೆ ಅವ್ನು. ಬಣ್ಣ ಯಾವ್ದು ತಗೋತೀಯಪ್ಪಾ ಅಂದ್ರೆ, ಅಪ್ಪಾಜೀನ ಕೇಳ್ತೀನಿ ಮಾವ. ಸೀಟಿಗೆ ಕವರ್ ಹಾಕ್ಸೋಣ ಅಂದ್ರೆ, ಅಪ್ಪಾಜೀನ ಒಂದು ಮಾತು ಕೇಳಿ ಹೇಳ್ತೀನಿ ಮಾವ. ಬುಧವಾರ ಅವನ ಜೊತೆ ಹೋಗೋಣ ಅಂತ ನಾನು ಅಂಗಡಿ ಬಾಗಿಲು ತೆಗೆದೇ ಇರ್ಲಿಲ್ಲ. ಇಸ್ತ್ರಿ ಅಂಗಿ ಹಾಕ್ಕೊಂಡು ಇದೇ ಮೆಟ್ಲ ಮೇಲೆ ಕೂತಿದ್ದೆ. ಫೋನ್ ಮಾಡಿ, ಅಪ್ಪಾಜಿ ಬೇಡ ಅಂದ್ರು ಮಾವ, ಅಂದ. ಸುಳ್ಳು ಯಾಕೆ ಹೇಳ್ಲಿ, ನಂಗೆ ಹೊಟ್ಟೆ ಉರೀತು."

ಅವರು ಕಾರಿನ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿದರು. "ಅವತ್ತು ಊಟಕ್ಕೆ ಕೂತಾಗ್ಲೂ ಅಷ್ಟೇ. ಈ ವಿಷ್ಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು ಅಂತ ನಂಗೊತ್ತು. ಒಂದ್ಸಲನಾದ್ರೂ ನಿಮಗಿಂತ ಮೊದ್ಲು ನಾನು ಹೇಳ್ಬೇಕು ಅನ್ನೋ ಚಪಲ. ಅದಕ್ಕೇ ಬಾಯಿ ಹಾಕ್ದೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗ್ರಾನೈಟಿನ ಮೇಲೆ ನನಗೆ ಕುಣಿಯಬೇಕು ಅನ್ನಿಸಿತು. ಈ ಪೋರ್ಟಿಕೋ, ಈ ಅಂಗಡಿ, ಈ ಮ್ಯಾನೇಜರುಗಳ ಪರಿಚಯ ಎಲ್ಲ ಇದ್ದೂ ಇವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಇಂಥ ಸುಖವನ್ನು ನಾನು ಮಗನ ಮದುವೆಯ ದಿನವೂ ಕಂಡಿರಲಿಲ್ಲ.

"ನೀವೇ ಹೇಳಿ," ಎಂದರು ಬೀಗರು. "ನಿಮ್ಮ ಮಾತು ಅಂದ್ರೆ ಅವನಿಗೆ ವೇದವಾಕ್ಯ. ನಾನು ಕಾಫಿ ಹೇಳಿ ಬರ್ತೀನಿ."

ವೇದವಾಕ್ಯ ಆಡುವವನು ಒಮ್ಮೆ ತಿದ್ದಿಕೊಂಡರೆ ಗಂಟೇನು ಹೋಗುತ್ತದೆ? ದೊಡ್ಡತನವೇ ಅಲ್ಲವೇ? ಆ ಹುರುಪಿನಲ್ಲಿ ಗೇಟಿನ ಹತ್ತಿರ ಹೋಗಿ ನಿಂತೆ. ಜ್ಞಾನೇಶ ಒಬ್ಬನೇ ಬರುತ್ತಿದ್ದ, ಸ್ಪಂದನಾ ಬಾಗಿಲು ಹಾಕಿ ಹಿಂದೆ ಬರುತ್ತಾಳಂತೆ.

"ಜ್ಞಾನೇಶ, ನಾನು ಅವತ್ತು ಹೇಳಿದ್ದು ತಪ್ಪು ಕಣೋ. ಹೊಸ ಗಾಡಿಗೆ ಮೊದಲನೇ ಸರ್ವೀಸ್ ಮಾಡಿಸ್ಲೇಬೇಕು. ಎಡಗಡೆ ಸದ್ದೂ ಇದೆ, ನನಗೆ ಕೇಳಿಸ್ತು. ಮೊದ್ಲು ಹೋಗಿ ಬಿಡು."

ಅವನು ನಕ್ಕ. "ನಾಳೆ ಬೆಳಗ್ಗೆಗೆ ಆಗ್ಲೇ ಹೇಳಿದ್ದೀನಿ ಅಪ್ಪಾಜಿ. ಗುರುವಾರನೇ ಫೋನ್ ಮಾಡ್ದೆ."

"ಗುರುವಾರನೇ? ಮತ್ತೆ ನಾನು ಬೇಡ ಅಂದಿದ್ದು?"

"ನೀವು ಯಾಕೆ ಬೇಡ ಅಂದ್ರಿ ಅಂತ ಅವತ್ತೇ ಗೊತ್ತಾಯ್ತು." ಅವನು ದನಿ ತಗ್ಗಿಸಿದ. ಚಿಕ್ಕ ಮಕ್ಕಳಿಗೆ ಸಮಾಧಾನ ಹೇಳುವ ದನಿ ಅದು. "ಬುಧವಾರ ಮಾವನ ಜೊತೆ ಹೋಗಿದ್ರೆ ನೀವು ನೊಂದ್ಕೊಳ್ತಿದ್ರಿ. ಅದಕ್ಕೆ ಕ್ಯಾನ್ಸಲ್ ಮಾಡ್ದೆ. ನಾಳೆ ನಿಮಗೆ ಹೇಳ್ದೆ ಮಾಡ್ಸಿಬಿಡೋಣ ಅಂತಿದ್ದೆ. ಬಣ್ಣ, ಕವರ್, ಎಲ್ಲಾ ಹಂಗೇ ಅಪ್ಪಾಜಿ. ಕೇಳ್ದೇ ಇದ್ರೆ ನೀವು ಊಟ ಬಿಡ್ತೀರ ಅಂತ ಅಮ್ಮ ಹೇಳಿದ್ರು."

ಕೆನ್ನೆಗೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಮಾತಿಗೆ ಅವನ ಹತ್ತಿರ ಬೆಲೆಯಿದೆ ಎಂದು ಬೀಗುತ್ತಿದ್ದೆನಲ್ಲ, ಬೆಲೆಯಿದ್ದದ್ದು ನನ್ನ ಮುನಿಸಿಗೆ. ಅಷ್ಟು ವರ್ಷದ ಕೆಲಸ, ಅಷ್ಟು ಯಂತ್ರ, ಯಾವುದೂ ಅವನ ಲೆಕ್ಕದಲ್ಲಿರಲಿಲ್ಲ. ಅವನು ನನ್ನ ತಲೆ ಸವರುತ್ತಿದ್ದ, ನಾನು ಅದನ್ನು ನಮಸ್ಕಾರ ಅಂದುಕೊಂಡಿದ್ದೆ. ಅವನಿಗೆ ಬೇಜಾರೂ ಇರಲಿಲ್ಲ. ನನ್ನ ಹೆಗಲು ಮುಟ್ಟಿ, ಸ್ಪಂದನಾ ಬಂದಳೇನೋ ಎಂದು ನೋಡಲು ತಿರುವಿನ ಕಡೆ ಹೋದ.

ಮಲ್ಲೇಶಪ್ಪನವರು ತಾವೇ ಎರಡು ಲೋಟ ಕಾಫಿ ಹಿಡಿದು ಬಂದರು. ಒಂದನ್ನು ನನ್ನ ಕೈಗಿಟ್ಟು ಕಾತರದಿಂದ ಕೇಳಿದರು: "ಏನಂದ?"

ನಿಜ ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಮನುಷ್ಯನಿಗೆ ಅವತ್ತು ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು.

"ಇನ್ನೇನಂತಾನೆ?" ಅಂದೆ. "ನಾನು ಹೇಳಿದ ಮೇಲೆ ಆಯ್ತು. ನಾಳೇನೇ ಬಿಡ್ತಾನಂತೆ."

ಅವರು ನಿಟ್ಟುಸಿರು ಬಿಟ್ಟರು. "ಪುಣ್ಯವಂತರು ಕಣ್ರೀ ನೀವು," ಎಂದರು.

"ಹೌದು," ಅಂದೆ. ಕಾಫಿ ಲೋಟವನ್ನು ಹಾಗೇ ಕಾರಿನ ಮೇಲಿಟ್ಟೆ.